ಸೋಗೆ ಕಡಿದರೆ ರೋಗ ಹೋದೀತೇ?

ಬಾಳೆಗೊನೆ ಹೇರಿದ ಪೆಟ್ರೋಲ್ ಪಿಕಪ್ಪೊಂದು ದೇವಿಮನೆ ಘಟ್ಟದ ಏರಿನಲ್ಲಿ ಏದುಸಿರು ಬಿಡತೊಡಗಿದರೆ, ಕೆಲವು ಗ್ಯಾರೇಜುಗಳಲ್ಲಿ ಅದಕ್ಕೆ ಸಿದ್ಧ ಮದ್ದೊಂದಿದೆ. ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಚ್ಚುವುದು, ಸರಳು ತೂರಿ ಒಳಗಿನದನ್ನೆಲ್ಲ ಒಡೆದು ಸುರಿಯುವುದು, ಖಾಲಿ ಡಬ್ಬಿಯನ್ನು ಮತ್ತೆ ಕೂರಿಸುವುದು. ಗಾಡಿ ಎಳೆಯುತ್ತದೆ, ಮಾಲೀಕನಿಗೆ ಹಣ ಉಳಿದ ನೆಮ್ಮದಿ. ಆದರೆ ವಾಸಿಯಾದದ್ದು ಯಾವ ರೋಗ?

ಅಡಿಕೆಮರದ ಸೋಗೆ ಹಳದಿಯಾದರೆ ರೈತನು ಸೋಗೆ ಕಡಿದು ಕೈತೊಳೆದುಕೊಳ್ಳುವುದಿಲ್ಲ. ಬುಡ ಕೆದಕಿ, ನೀರು ನಿಂತಿದೆಯೇ, ಬೇರು ಕೊಳೆತಿದೆಯೇ ಎಂದು ನೋಡುತ್ತಾನೆ. ತೋಟದಲ್ಲಿ ಇರುವ ಈ ವಿವೇಕ ವಾಹನದ ವಿಷಯದಲ್ಲಿ ಮಾತ್ರ ಏಕೆ ಮಾಯವಾಗುತ್ತದೆ?

ಆ ಡಬ್ಬಿಯೊಳಗಿರುವುದು ಜೇನುಗೂಡಿನಂತೆ ರಂಧ್ರಗಳುಳ್ಳ ಸಿರಾಮಿಕ್ ಗಟ್ಟಿ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪವಿರುತ್ತದೆ. ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ, ನೈಟ್ರೋಜನ್ ಆಕ್ಸೈಡ್ – ಈ ಮೂರನ್ನೂ ಇಂಗಾಲದ ಡೈಆಕ್ಸೈಡ್, ನೀರಾವಿ, ನೈಟ್ರೋಜನ್‌ಗಳಾಗಿ ಮಾರ್ಪಡಿಸುವುದು ಅದರ ಕೆಲಸ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸವು ಈ ಲೇಪವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲೂ ಬಂತು. 2000ದ ಹೊತ್ತಿಗೆ ಸೀಸ ಬೆರೆತ ಪೆಟ್ರೋಲಿನ ಮಾರಾಟ ದೇಶದೆಲ್ಲೆಡೆ ನಿಂತಿತು. ಹೀಗೆ ದೊರೆತ ರಕ್ಷಣೆಯನ್ನು ಒಂದು ಕಬ್ಬಿಣದ ಸರಳಿನಿಂದ ಕುಟ್ಟಿ ಪುಡಿಮಾಡುವುದು ಜಾಣತನವಲ್ಲ.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಎಂಜಿನ್ನೇ ಅದನ್ನು ಕೊಲ್ಲುತ್ತದೆ. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟರೆ ಉರಿಯದ ಪೆಟ್ರೋಲ್ ಡಬ್ಬಿಯೊಳಗೆ ಹೋಗಿ ಅಲ್ಲಿ ಉರಿಯುತ್ತದೆ. ಗಟ್ಟಿ ಕೆಂಪಾಗಿ ಕಾಯ್ದು ಕರಗುತ್ತದೆ. ಪಿಸ್ಟನ್ ರಿಂಗು ಸವೆದು ಎಂಜಿನ್ ಆಯಿಲ್ ಉರಿದರೆ ಅದರ ರಂಜಕ ಲೇಪವನ್ನು ಮುಚ್ಚುತ್ತದೆ. ಡಬ್ಬಿ ಖಾಲಿಯಾದ ಮೇಲೂ ಈ ದೋಷಗಳು ಹಾಗೆಯೇ ಉಳಿಯುತ್ತವೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತ ಎಂಜಿನ್ನನ್ನೇ ತಿನ್ನುತ್ತದೆ. ಉಳಿದದ್ದು ಯಾವ ಹಣ?

ಸರಿಯಾದ ತಪಾಸಣೆಗೆ ಕ್ರಮವೊಂದಿದೆ. ಸ್ಕ್ಯಾನರಿನಲ್ಲಿ ಪಿ0420 ಸಂಕೇತ ಬಂದರೆ ಕನ್ವರ್ಟರಿನ ಕಾರ್ಯಕ್ಷಮತೆ ಕುಗ್ಗಿದಂತೆ ಕಾಣುತ್ತಿದೆ ಎಂದಷ್ಟೇ ಅರ್ಥ; ಅದು ಮರಣಪತ್ರವಲ್ಲ. ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಬೇಕು. ಆಕ್ಸಿಜನ್ ಸೆನ್ಸರಿನ ಬಳಿ ಪೈಪು ಸೀಳಿ ಗಾಳಿ ಸೇರಿದರೂ ಇದೇ ಸಂಕೇತ ಬರಬಹುದು. ಅದಕ್ಕೆ ವೆಲ್ಡಿಂಗ್ ಸಾಕು. ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಒಳಗೆ ಗಲಗಲ ಸದ್ದಾದರೆ ಗಟ್ಟಿ ಒಡೆದಿದೆ. ಮುಂದಿನ ಸೆನ್ಸರನ್ನು ಬಿಚ್ಚಿ, ಆ ತೂತಿಗೆ ಒತ್ತಡಮಾಪಕ ಜೋಡಿಸಿ, ಎಂಜಿನ್ನನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ ಓಡಿಸಬೇಕು. ಒತ್ತಡ ಚದರ ಅಂಗುಲಕ್ಕೆ ಸುಮಾರು 3 ಪೌಂಡನ್ನು ಮೀರಿ, ಹಿಂದಿನ ಸೈಲೆನ್ಸರ್ ಬಿಡಿಸಿದ ಮೇಲೂ ಇಳಿಯದಿದ್ದರೆ ಕನ್ವರ್ಟರ್ ಕಟ್ಟಿದೆ. ಆಗ ಹೊಸದನ್ನು ಹಾಕಲೇಬೇಕು. ಆದರೆ ಮೂಲದೋಷ ಸರಿಪಡಿಸಿದ ನಂತರವೇ. ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

"ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಗಾಡಿಯ ಹೊಗೆ ಯಾವ ಲೆಕ್ಕ?" ಎಂಬ ಮಾತಿದೆ. ಚಳಿಗಾಲದ ಮುಂಜಾನೆ ಕಣಿವೆಯ ತಂಪುಗಾಳಿ ಮೇಲೇಳದು. ಹೊಗೆಯೂ ಅಲ್ಲೇ ನಿಲ್ಲುತ್ತದೆ. ನೈಟ್ರೋಜನ್ ಆಕ್ಸೈಡ್ ಮತ್ತು ಉರಿಯದ ಇಂಧನ ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಝೋನ್ ಆಗುತ್ತದೆ. ಅದು ಮನುಷ್ಯರ ಶ್ವಾಸಕೋಶಕ್ಕೂ ಬೆಳೆಯ ಎಲೆಗೂ ಸಮಾನ ಶತ್ರು. ಇನ್ನು ಪ್ಲಗ್ ಕೆಟ್ಟ ಗಾಡಿಯ ಕಾಯ್ದ ಕನ್ವರ್ಟರ್ ಬೇಸಗೆಯಲ್ಲಿ ಒಣ ತರಗೆಲೆಗೆ ಕಿಚ್ಚು ಹಚ್ಚಬಲ್ಲದು. ಆದ್ದರಿಂದ ರಿಪೇರಿಯನ್ನು ಮುಂದೂಡುವುದೂ ಅಪರಾಧವೇ.

ದೋಷ ಮೆಕ್ಯಾನಿಕ್ಕಿನದೊಂದೇ ಅಲ್ಲ. 2019ರ ತಿದ್ದುಪಡಿಯ ನಂತರ ಮಾಲಿನ್ಯಮಿತಿ ಮೀರಿದ ವಾಹನ ಓಡಿಸಿದವರಿಗೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸೆರೆ ವಿಧಿಸಲು ಅವಕಾಶವಿದೆ. ಆದರೆ ತಪಾಸಣಾ ಕೇಂದ್ರಗಳಲ್ಲಿ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ನಿಂತ ಗಾಡಿಯ ಪರೀಕ್ಷೆಗೆ ಘಟ್ಟವೇರುವ ಗಾಡಿಯ ಹೊಗೆ ಕಾಣುವುದೂ ಇಲ್ಲ. ಶಿಕ್ಷೆ ಬರೆದ ಸರ್ಕಾರ ಅಳತೆಗೋಲು ಕೊಡದಿದ್ದರೆ ಅದು ಆಡಳಿತವೇ?

ಸರ್ಕಾರ ಎಚ್ಚರಗೊಳ್ಳುವವರೆಗೆ ಹಳ್ಳಿಗಳು ಕಾಯಬೇಕಿಲ್ಲ. ಔಷಧಿ ಸಿಂಪಡಿಸುವ ಪಂಪನ್ನು ಹಂಚಿಕೊಳ್ಳುವ ರೈತರು ಸಹಕಾರ ಸಂಘದ ಮೂಲಕ ಒಂದು ಸ್ಕ್ಯಾನರ್, ಒಂದು ಒತ್ತಡಮಾಪಕವನ್ನೂ ಹಂಚಿಕೊಳ್ಳಬಹುದು. ಐಟಿಐ ವಿದ್ಯಾರ್ಥಿಗಳು ಅವುಗಳ ಬಳಕೆಯನ್ನು ಊರಿಗೆ ಕಲಿಸಬಹುದು. ಇನ್ನು ಮುಂದೆ ಗ್ಯಾರೇಜಿನಲ್ಲಿ ಯಾರಾದರೂ ಸರಳು ಎತ್ತಿಕೊಂಡರೆ ಮಾಲೀಕನು ಕೇಳಬೇಕಾದ ಪ್ರಶ್ನೆ ಒಂದೇ: ಬೇರು ನೋಡಿದ್ದಾಯಿತೇ?