ಊರಿನ ಓದಿಗೆ ಬಾಗಿಲು ಅಗಲವಾಗಲಿ

ರಾಮನಗರ ಸೀಮೆಯ ಹಾರೋಹಳ್ಳಿಯಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ ಹಂತಹಂತವಾಗಿ ಹಬ್ಬಿದೆ. ಅದರ ಆಸುಪಾಸಿನಲ್ಲೇ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ಸೂ ಎದ್ದಿದೆ. ಹೊಲ ಕಾರ್ಖಾನೆಯಾದ ಈ ಕಥೆಯನ್ನು ಒಂದೇ ಶಾಸ್ತ್ರ ಪೂರ್ತಿ ಹೇಳಲಾರದು. ಅರ್ಥಶಾಸ್ತ್ರದ ಕಣ್ಣಿಗೆ ಭೂಸ್ವಾಧೀನದ ಪರಿಹಾರ ಕಂಡರೆ, ಭೂವಿಜ್ಞಾನಕ್ಕೆ ಕೊಳವೆಬಾವಿಯ ಆಳ, ಸಮಾಜಶಾಸ್ತ್ರಕ್ಕೆ ವಲಸೆ ಕಾರ್ಮಿಕರ ಬದುಕು ಕಾಣುತ್ತದೆ. ಮೂರನ್ನೂ ಕೂಡಿಸಿ ನೋಡುವುದೇ ಪ್ರಾದೇಶಿಕ ಅಧ್ಯಯನ.

ಪ್ರಾದೇಶಿಕ ಅಧ್ಯಯನದ ಎಂ.ಎ.ಗೆ ಪದವಿಯಲ್ಲಿ ಇಂಥದ್ದೇ ವಿಷಯ ಓದಿರಬೇಕೆಂಬ ಹಟ ಸಲ್ಲದು. ಪ್ರವೇಶ ಪರೀಕ್ಷೆಯಲ್ಲಿ ಅರ್ಹರಾದವರು ಪದವಿಯಲ್ಲಿ ಓದದ ವಿಷಯದಲ್ಲೂ ಸ್ನಾತಕೋತ್ತರ ಓದಬಹುದೆಂದು ಯುಜಿಸಿಯ 2024ರ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಮೂರು ವರ್ಷದ ಪದವೀಧರರಿಗೆ ಎರಡು ವರ್ಷ, ನಾಲ್ಕು ವರ್ಷದವರಿಗೆ ಒಂದು ವರ್ಷದ ಓದು. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಇಲ್ಲಿನ ಹೆಚ್ಚಿನವರಿಗೆ ಎರಡು ವರ್ಷವೇ ಗತಿ.

ಬಾಗಿಲು ಅಗಲವಾದ ಮಾತ್ರಕ್ಕೆ ಪದವಿ ಅಗ್ಗವಾಗಬಾರದು. ಪಹಣಿ, ಗ್ರಾಮ ನಕ್ಷೆ ಓದಲು ಬರಬೇಕು. ಒಂದು ಸೆಮಿಸ್ಟರ್ ಕ್ಷೇತ್ರಕಾರ್ಯ ಕಡ್ಡಾಯವಾಗಬೇಕು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ, ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳ ಮನೆ, ಜಾನಪದ ಲೋಕ ಇವೆಲ್ಲ ತರಗತಿಯ ಭಾಗವಾಗಲಿ. ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರಲಿ. ಅದರ ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಗೂ ಸೇರಲಿ. ಊರಿನವರು ಓದಲಾಗದ ಪ್ರಬಂಧ ಊರಿನ ಅಧ್ಯಯನವಾಗದು.