ನಾಲ್ಕು ಸೆಕೆಂಡುಗಳ ಲೆಕ್ಕ

ಪಂದ್ಯಕ್ಕೆ ಹೊರಟ ಮಗನಿಗೆ ತಂದೆತಾಯಿಗಳು ಹೇಳುವ ಮಾತು ಪ್ರಾಯಶಃ ಒಂದೇ: 'ಕೈಲಾದಷ್ಟು ಮಾಡಪ್ಪ, ಸಾಕು.' ಮಾತಿನಲ್ಲಿ ವಾತ್ಸಲ್ಯವಿದೆ; ಆದರೆ ಕೈಲಾಗುವುದೆಷ್ಟೆಂದು ಅಳೆಯುವ ಕೋಲು ಅದರಲ್ಲಿಲ್ಲ. ಸ್ಪಷ್ಟವೂ ಕಠಿಣವೂ ಆದ ಗುರಿಯೊಂದನ್ನು ಮನಸಾರೆ ಒಪ್ಪಿಕೊಂಡವನು 'ಕೈಲಾದಷ್ಟು' ಎಂದು ಹೊರಟವನಿಗಿಂತ ಸಾಮಾನ್ಯವಾಗಿ ಮುಂದೆ ಹೋಗುತ್ತಾನೆಂಬುದು ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರ ನಿರ್ಣಯ. 1985ರಲ್ಲಿ ಅವರು ಈ ವಿಚಾರವನ್ನು ಕ್ರೀಡೆಗೂ ಅನ್ವಯಿಸಿ ಬರೆದರು.

ಅದಕ್ಕೂ ಮುನ್ನವೇ ಅಮೆರಿಕದ ಹುಡುಗನೊಬ್ಬನು ಇದನ್ನು ಅಂಕಗಣಿತಕ್ಕೆ ಇಳಿಸಿದ್ದನು. 1972ರ ಮ್ಯೂನಿಚ್ ಒಲಿಂಪಿಕ್ಸ್ ನಡೆದಾಗ ಜಾನ್ ನೇಬರನಿಗೆ ಹದಿನಾರು ವರ್ಷ. ಅಂಗಾತ ಈಜುವ 100 ಮೀಟರ್ ಸ್ಪರ್ಧೆಯನ್ನು ಅಲ್ಲಿ ಪೂರ್ವ ಜರ್ಮನಿಯ ರೋಲಂಡ್ ಮ್ಯಾಥಸ್ 56.58 ಸೆಕೆಂಡುಗಳಲ್ಲಿ ಗೆದ್ದನು. ಮುಂದಿನ ಒಲಿಂಪಿಕ್ಸಿನಲ್ಲಿ ಗೆಲ್ಲಲು 55.5 ಬೇಕಾದೀತೆಂದು ನೇಬರ್ ಅಂದಾಜು ಮಾಡಿದನು. ಆತನ ಅಂದಿನ ವೇಳೆಯೋ 59.5! ಈಜುಗೊಳದಲ್ಲಿ ನಾಲ್ಕು ಸೆಕೆಂಡೆಂದರೆ ಹಲವು ಗಜಗಳ ದೂರ. ಹಿಂದೆ ಉಳಿದವನಿಗೆ ಮುಂದಿರುವವನ ಕಾಲ್ನೊರೆಯೂ ಸಿಕ್ಕದು.

ಆದರೆ ಹುಡುಗನು ಆ ನಾಲ್ಕನ್ನು ಭಾಗಿಸಿದನು. ನಾಲ್ಕು ವರ್ಷಗಳಿವೆ, ವರ್ಷಕ್ಕೆ ಒಂದು ಸೆಕೆಂಡು. ಅಭ್ಯಾಸದ ತಿಂಗಳುಗಳು ಹತ್ತು. ತಿಂಗಳಿಗೆ ಹತ್ತನೆಯ ಒಂದು ಪಾಲು. ದಿನಕ್ಕೆ ಮುನ್ನೂರನೆಯ ಒಂದು ಪಾಲು. ದಿನಕ್ಕೆ ನಾಲ್ಕು ಗಂಟೆಗಳ ಅಭ್ಯಾಸವೆಂದರೆ, ಗಂಟೆಗೆ ಒಂದು ಸೆಕೆಂಡಿನ ಸಾವಿರದಿನ್ನೂರನೆಯ ಒಂದು ಪಾಲು! ಕಣ್ಣೆವೆ ಬಡಿಯುವಷ್ಟು ಕಾಲವೂ ಅಲ್ಲ.

ಇಷ್ಟು ಸಣ್ಣದನ್ನು ಯಾವ ತರಬೇತಿದಾರನ ಗಡಿಯಾರವೂ ತೋರಿಸದು. ದೇಹವೂ ಹೀಗೆ ಕಂತುಕಂತಾಗಿ ಸಾಲ ತೀರಿಸುವುದಿಲ್ಲ. ಒಂದು ತಿಂಗಳು ಸುಮ್ಮನಿದ್ದು, ಇನ್ನೊಂದರಲ್ಲಿ ಹಠಾತ್ತನೆ ಕೊಡುತ್ತದೆ. ಹೀಗಿದ್ದೂ ಲೆಕ್ಕಕ್ಕೆ ಬೆಲೆಯಿತ್ತು. ನಾಲ್ಕು ವರ್ಷ ದೂರದ ಒಲಿಂಪಿಕ್ಸ್, ಈ ಹೊತ್ತಿನ ಈಜಿಗೆ ಸಂಬಂಧಪಟ್ಟ ವಿಷಯವಾಯಿತು. ಇನ್ನೊಂದು ಜಾಣತನವೂ ಇದರಲ್ಲಿದೆ. ಆತನು ಬರೆದಿಟ್ಟುಕೊಂಡದ್ದು ಒಂದು ವೇಳೆಯನ್ನು. ಪದಕವಾದರೋ ಪಕ್ಕದ ಸಾಲಿನಲ್ಲಿ ಈಜುವವನನ್ನೂ ಅವಲಂಬಿಸಿರುತ್ತದೆ. ಅವನು ಆ ದಿನ ಹೇಗೆ ಈಜುವನೋ ಯಾರು ಬಲ್ಲರು? ತನ್ನ ವೇಳೆ ಮಾತ್ರ ತನ್ನದು.

1967ರಿಂದ ಅಂಗಾತ ಈಜಿನಲ್ಲಿ ಸೋಲರಿಯದಿದ್ದ ಮ್ಯಾಥಸನನ್ನು ನೇಬರ್ 1974ರಲ್ಲಿಯೇ ಒಮ್ಮೆ ಸೋಲಿಸಿದನು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನ ಅಂತಿಮ ಸ್ಪರ್ಧೆಯಲ್ಲಿ ಇಬ್ಬರೂ ಮತ್ತೆ ಒಂದೇ ನೀರಿಗಿಳಿದರು. ಮ್ಯಾಥಸನಿಗೆ ಮೂರನೆಯ ಸ್ಥಾನ. ಮೊದಲು ಗೋಡೆ ಮುಟ್ಟಿದ ನೇಬರನ ಹೆಸರಿನ ಎದುರು ಗಡಿಯಾರ ತೋರಿಸಿದ್ದು 55.49.