ನಿಲ್ಲದ ನೊರೆ: ಹಾಲು ಕೊಡೋ ಮುಂಚೆ ಒಮ್ಮೆ ಗಮನಿಸಿ

1/5
ಹುಟ್ಟಿದ ಮಗುವಿನ ಬಾಯಲ್ಲಿ ನೊರೆ ಕಂಡ್ರೆ ನಮ್ಮ ಕಡೆ ಏನ್ ಹೇಳ್ತಾರೆ ಗೊತ್ತಲ್ಲ? "ಒಳಗೆ ನೀರು ಕುಡ್ದಿದೆ, ತಾನಾಗೇ ಸರಿಹೋಗುತ್ತೆ." ಹೆಚ್ಚಿನ ಮಕ್ಕಳಲ್ಲಿ ಈ ಮಾತು ನಿಜಾನೇ. ಆದರೆ ಒರೆಸಿದಷ್ಟೂ ಮತ್ತೆ ಮತ್ತೆ ಗುಳ್ಳೆಗುಳ್ಳೆಯಾಗಿ ಬರೋ ನೊರೆ ಬೇರೆ. ಅದು ಅನ್ನನಾಳ ಪೂರ್ತಿ ಬೆಳೆದಿಲ್ಲ ಅನ್ನೋದರ ಸೂಚನೆ ಇರಬಹುದು.

ಏನಾಗಿರುತ್ತೆ ಅಂದ್ರೆ, ಗಂಟಲಿಂದ ಇಳಿಯೋ ಅನ್ನನಾಳ ಅರ್ಧದಲ್ಲೇ ಚೀಲದ ಹಾಗೆ ಮುಚ್ಚಿಕೊಂಡಿರುತ್ತೆ. ಹೊಟ್ಟೆಯಿಂದ ಮೇಲೆ ಬರೋ ಕೆಳಭಾಗ ಹೋಗಿ ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತೆ. ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 85ರಲ್ಲಿ ಕಾಣೋದು ಇದೇ ರೀತಿ. ಮಗು ತನ್ನ ಎಂಜಲನ್ನೇ ನುಂಗೋಕೆ ಆಗಲ್ಲ. ಹಾಲು ಕೊಟ್ರೆ ಅದು ತುಂಬಿ ಉಸಿರಿನ ದಾರಿಗೆ ಹೋಗುತ್ತೆ. ಕೆಳಗಿಂದ ಹೊಟ್ಟೆಯ ಆಮ್ಲವೂ ಶ್ವಾಸಕೋಶಕ್ಕೆ ನುಗ್ಗುತ್ತೆ.

2/5
ಕಂಡುಹಿಡಿಯೋಕೆ ದೊಡ್ಡ ಮೆಷಿನ್ ಬೇಕಿಲ್ಲ. ಸ್ವಲ್ಪ ಗಟ್ಟಿಯಾದ ಒಂದು ಸಣ್ಣ ಟ್ಯೂಬನ್ನು ಬಾಯಿಂದ ನಿಧಾನಕ್ಕೆ ಇಳಿಸಿದ್ರೆ, ಸುಮಾರು 10 ಸೆಂಟಿಮೀಟರ್‌ಗೆ ತಡೆದು ನಿಲ್ಲುತ್ತೆ. ಆಮೇಲೆ ಒಂದು ಎಕ್ಸ್‌ರೇ ತೆಗೆದ್ರೆ ಟ್ಯೂಬ್ ಮೇಲೇ ಸುರುಳಿ ಸುತ್ತಿರೋದು ಕಾಣುತ್ತೆ. ಇದನ್ನ ಮಾಡಬೇಕಾದವರು ನರ್ಸ್ ಅಥವಾ ಡಾಕ್ಟರ್, ಮನೆಯವರಲ್ಲ. ಮನೆಯವರು ಮಾಡಬೇಕಾದ್ದು ಬಾಯಿಬಿಟ್ಟು ಹೇಳೋದು: "ಸಿಸ್ಟರ್, ನೊರೆ ನಿಲ್ತಾ ಇಲ್ಲ. ಹಾಲು ಕೊಟ್ಟ ತಕ್ಷಣ ಕೆಮ್ಮಿ ನೀಲಿ ಆಯ್ತು."

ಇನ್ನೊಂದು ತೊಂದರೆ ಇದೆ, ಮೂಗಿನ ಹಿಂದಿನ ದಾರಿ ಮುಚ್ಚಿರೋದು. ಆ ಮಗು ಸುಮ್ಮನಿದ್ದಾಗ ನೀಲಿಯಾಗುತ್ತೆ, ಅತ್ತಾಗ ಬಾಯಲ್ಲಿ ಉಸಿರು ಸಿಕ್ಕಿ ಕೆಂಪಾಗುತ್ತೆ. ಇದನ್ನೂ ತಕ್ಷಣ ಹೇಳಿ.

3/5
ಈಗ ನನ್ನ ವಾದಕ್ಕೆ ಬರ್ತೀನಿ. ಇಂಥ ಮಗುವಿನ ಆಪರೇಷನ್ ಆಗೋದು ಬೆಂಗಳೂರಿನಲ್ಲಿ ಇರಬಹುದು, ಆದರೆ ಮಗು ಉಳಿಯುತ್ತೋ ಇಲ್ವೋ ಅನ್ನೋದು ಬಹುಪಾಲು ತೀರ್ಮಾನ ಆಗೋದು ಕುಂದೂರು, ಆಲೂರು, ಸಕಲೇಶಪುರದ ಮೊದಲ ಕೆಲವು ಗಂಟೆಗಳಲ್ಲಿ.

ಅನ್ನನಾಳದ ಎರಡು ತುದಿ ನೇರವಾಗಿ ಜೋಡಿಸಿ ಮಗು ಉಳಿಸಿದ ಮೊದಲ ಆಪರೇಷನ್ 1941ರಲ್ಲಿ ಅಮೆರಿಕದಲ್ಲಿ ಆಯ್ತು, ಮಾಡಿದವರು ಕ್ಯಾಮರಾನ್ ಹೈಟ್. ಇವತ್ತು ಒಳ್ಳೆ ಸೆಂಟರ್‌ಗಳಲ್ಲಿ, ತೂಕ ಸರಿಯಿದ್ದು ಹೃದಯದ ದೊಡ್ಡ ತೊಂದರೆ ಇಲ್ಲದ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಉಳೀತಾರೆ. ಆದರೆ ನಾಲ್ಕು ಸಲ ಹಾಲು ಕುಡಿಸಿ, ನ್ಯುಮೋನಿಯಾ ಆದಮೇಲೆ ಕಳಿಸಿದ್ರೆ ಎಂಥ ಸರ್ಜನ್‌ಗೂ ಕಷ್ಟ.

ನಮ್ಮ ವ್ಯವಸ್ಥೆಯಲ್ಲಿ ಇಲ್ಲೇ ಒಂದು ಸಂದಿ ಇದೆ. ಆಸ್ಪತ್ರೆ ಹೆರಿಗೆ ಆದ್ರೆ ಆಶಾ ಅಕ್ಕ ಮನೆಗೆ ಬರೋದು 3ನೇ ದಿನ. ಅಷ್ಟು ಹೊತ್ತಿಗೆ ತಡವಾಗಿರುತ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮೊದಲು ಪಟ್ಟಿ ಮಾಡಿದ 9 ಹುಟ್ಟು ದೋಷಗಳಲ್ಲಿ ಸೀಳುತುಟಿ, ಡೊಂಕುಪಾದ ಇದ್ದವು, ಅನ್ನನಾಳ ಇರಲಿಲ್ಲ. ಹಾಗಾಗಿ ಇದು ಸಿಗಬೇಕಾದ್ದು ಲೇಬರ್ ರೂಮಲ್ಲೇ.

4/5
"ಸುಮಾರು 3,500 ಹೆರಿಗೆಗೆ ಒಂದು ಬರೋದಕ್ಕೆ ಇಷ್ಟು ಗಾಬರಿ ಯಾಕೆ?" ಅಂತ ಕೇಳ್ತೀರಿ. ಅಪರೂಪ ಆಗಿರೋದ್ರಿಂದಲೇ ಹೇಳ್ತಿರೋದು. ಸಣ್ಣ ಆಸ್ಪತ್ರೆಯ ನರ್ಸ್ ತನ್ನ ಇಡೀ ಸರ್ವಿಸ್‌ನಲ್ಲಿ ಒಂದು ಸಲ ನೋಡಬಹುದು, ನೋಡದೇನೂ ಇರಬಹುದು. ಅನುಭವದಿಂದ ಕಲಿಯೋಕೆ ಆಗಲ್ಲ, ಗೋಡೆ ಮೇಲಿನ ಒಂದು ಚಾರ್ಟ್ ನೆನಪಿಸಬೇಕು. ಎಲ್ಲಾ ಮಕ್ಕಳಿಗೂ ಟ್ಯೂಬ್ ಹಾಕಿ ಅಂತ ನಾನು ಹೇಳ್ತಿಲ್ಲ. ಒಂದು ಗಂಟೆಯೊಳಗೆ ಎದೆಹಾಲು ಅನ್ನೋ ಮಾತೂ ಸರಿ. ಅನುಮಾನ ಬಂದ ಮಗುವಿಗೆ ಮಾತ್ರ ಹಾಲು ತಡೆದು ಪರೀಕ್ಷೆ ಮಾಡಿ ಅಂತಿದ್ದೀನಿ. ಜೇನುತುಪ್ಪ, ಸಕ್ಕರೆ ನೀರು ಯಾವ ಮಗುವಿಗೂ ಬೇಡ.

ನಾವು ಕೇಳಬೇಕಾದ್ದು ಮೂರು:
▪️ ಹೆರಿಗೆ ಆಗೋ ಪ್ರತಿ ಕಡೆ ಆ ಟ್ಯೂಬ್ ಕೈಗೆ ಸಿಗೋ ಹಾಗಿರಲಿ. ಅನುಮಾನ ಬಂದ್ರೆ ಯಾರನ್ನೂ ಕಾಯದೆ ಹಾಕಿ ನೋಡೋ ಅಧಿಕಾರ ನರ್ಸ್‌ಗೆ ಇರಲಿ.
▪️ ಸ್ಕ್ಯಾನ್‌ನಲ್ಲಿ "ಗರ್ಭನೀರು ಜಾಸ್ತಿ" ಅಂತ ಬಂದಿದ್ರೆ ತಾಯಿ ಕಾರ್ಡ್‌ನಲ್ಲಿ ದೊಡ್ಡದಾಗಿ ಬರೀರಿ. ಮಗು ನೀರು ನುಂಗದಿದ್ರೂ ಹಾಗಾಗುತ್ತೆ. ಅಂಥ ಹೆರಿಗೆ ಹಾಸನದಲ್ಲೇ ಆಗಲಿ.
▪️ ರೆಫರ್ ಅಂದ್ರೆ ಬರೀ ಚೀಟಿ ಅಲ್ಲ. ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ಬೆಡ್ ಇದೆಯಾ ಕೇಳಿ ಕಳಿಸಬೇಕು.

5/5
ನಮ್ಮೂರ ದಾರಿ ನಿಮಗೂ ಗೊತ್ತು. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆ, ರಾತ್ರಿ ಆನೆ ಭಯ, ಶಿರಾಡಿಯಲ್ಲಿ ಗುಡ್ಡ ಜರುಗಿದ್ರೆ ಮಂಗಳೂರಿನ ಕಡೆ ಬಂದ್. ಹಾಸನದ ಹಿಮ್ಸ್‌ನಲ್ಲಿ ಮಗುವನ್ನ ಸ್ಥಿರ ಮಾಡಿಸಿದ್ರೂ, ಮಕ್ಕಳ ಸರ್ಜನ್‌ಗಾಗಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಹೋಗಬೇಕಾದ್ರೆ ಮುಂದೆ ಇನ್ನೂ ಸುಮಾರು 180 ಕಿ.ಮೀ.

ಆ ದಾರಿಯಲ್ಲಿ ಬಾಯಿಗೆ ಏನೂ ಹಾಕಬಾರದು. ತಲೆ ಎತ್ತರಿಸಿ ಹಿಡಿಯಬೇಕು, ಮೈ ಬೆಚ್ಚಗಿರಬೇಕು. ಜೊತೆಗಿರೋ ಸಿಬ್ಬಂದಿ ಎಂಜಲನ್ನ ಆಗಾಗ ಹೀರಿ ತೆಗೀತಿರಬೇಕು. ಮಗು ಜಾಸ್ತಿ ಅಳದ ಹಾಗೆ ನೋಡ್ಕೊಳ್ಳಿ, ಅತ್ತಷ್ಟೂ ಗಾಳಿ ಹೊಟ್ಟೆಗೆ ಹೋಗಿ ಉಸಿರಾಟ ಕಷ್ಟ ಆಗುತ್ತೆ. ದುಡ್ಡಿಲ್ಲ ಅಂತ ತಡ ಮಾಡಬೇಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಹಸುಗೂಸಿನ ಚಿಕಿತ್ಸೆ, ಸಾಗಾಟ ಎರಡೂ ಉಚಿತ. 108ಕ್ಕೆ ಫೋನ್ ಮಾಡಿ.

ಆಪರೇಷನ್ ಆದಮೇಲೂ ಫಾಲೋಅಪ್ ಬಿಡಬೇಡಿ. ಒರಟು ಕೆಮ್ಮು ವರ್ಷಗಟ್ಟಲೆ ಇರಬಹುದು, ಜೋಡಿಸಿದ ಜಾಗ ಕಿರಿದಾಗಿ ಊಟ ಸಿಕ್ಕಿಕೊಳ್ಳಬಹುದು. ಅದಕ್ಕೂ ಚಿಕಿತ್ಸೆ ಇದೆ.

ಮತ್ತೆ ಒಂದು ಮಾತು. ಇದು ಗ್ರಹಣದಿಂದ ಬಂದಿದ್ದಲ್ಲ, ತಾಯಿ ತಿಂದಿದ್ದರಿಂದಲೂ ಅಲ್ಲ. ಬಾಣಂತಿಯನ್ನ ಯಾರೂ ಅನ್ನಬೇಡಿ.

ಸೇವ್ ಮಾಡ್ಕೊಳ್ಳಿ. ಮನೇಲಿ ಗರ್ಭಿಣಿ ಇರೋರಿಗೆ, ನಿಮ್ಮೂರ ಆಶಾ ಅಕ್ಕನಿಗೆ ಇವತ್ತೇ ಕಳಿಸಿ 🙏

#ಕುಂದೂರು #ಆಲೂರು #ಸಕಲೇಶಪುರ #ಹಾಸನ #ನವಜಾತಶಿಶು #ತಾಯಿಮಗು